ಪರದೆಯ ಬಣ್ಣ, ಕಾಗದದ ಬಣ್ಣ

ಗದಗ-ಬೆಟಗೇರಿಗೆ ‘ಮುದ್ರಣ ಕಾಶಿ’ ಎಂಬ ಹೆಸರಿದೆ. ಮದುವೆಯ ಹಂಗಾಮಿನಲ್ಲಿ ಮುದ್ರಣಾಲಯಗಳಿಗೆ ಬರುವ ಒಂದು ತಕರಾರು ಇದು: ‘ಕಂಪ್ಯೂಟರಿನಾಗ ಗಿಣಿಹಸಿರು ಇತ್ತಲ್ರೀ, ಲಗ್ನಪತ್ರಿಕಿಯೊಳಗ ಯಾಕ ಮಂಕಾತು?’ ತಪ್ಪು ಯಾರದೂ ಅಲ್ಲ. ಪರದೆಯ ಲೆಕ್ಕವೇ ಬೇರೆ, ಕಾಗದದ ಲೆಕ್ಕವೇ ಬೇರೆ.

ಪರದೆ ಬೆಳಕನ್ನು ಕೂಡಿಸುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳ ಪ್ರಮಾಣವನ್ನು ಸಾಮಾನ್ಯವಾಗಿ 0ಯಿಂದ 255ರವರೆಗೆ ಗುರುತಿಸುತ್ತಾರೆ. ಮೂರೂ ಸೊನ್ನೆಯಾದರೆ ಕಪ್ಪು, ಮೂರೂ 255 ಆದರೆ ಬಿಳುಪು. ಇದೇ ಆರ್‌ಜಿಬಿ. 1861ರಲ್ಲಿ ವಿಜ್ಞಾನಿ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ಮೂರು ಬಣ್ಣದ ಬೆಳಕು ಕೂಡಿಸಿ ವರ್ಣಚಿತ್ರ ತೋರಿಸಿದ್ದು ಈ ತತ್ವದಿಂದಲೇ.

ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬಿಳಿ ಬೆಳಕಿನಲ್ಲಿ ಶಾಯಿ ಒಂದು ಪಾಲನ್ನು ನುಂಗುತ್ತದೆ; ಉಳಿದದ್ದೇ ನಮಗೆ ಕಾಣುವ ಬಣ್ಣ. ಸಯಾನ್ ಎಂಬ ಹಸಿರು ಬೆರೆತ ನೀಲಿ ಶಾಯಿ ಕೆಂಪನ್ನು, ಮೆಜೆಂಟಾ ಎಂಬ ಕಡುಗುಲಾಬಿ ಹಸಿರನ್ನು, ಹಳದಿ ಶಾಯಿ ನೀಲಿಯನ್ನು ನುಂಗುತ್ತವೆ. ಮೂರೂ ಸೇರಿ ಕಪ್ಪಾಗಬೇಕು. ಆದರೆ ಬರುವುದು ಮಣ್ಣುಗಂದು. ಆದ್ದರಿಂದ ಕಪ್ಪು ನಾಲ್ಕನೆಯ ಶಾಯಿ. ಇದೇ ಸಿಎಂವೈಕೆ. ಆಫ್‌ಸೆಟ್‌ನಲ್ಲಿ ನಾಲ್ಕಕ್ಕೂ ಬೇರೆ ಬೇರೆ ಪ್ಲೇಟು. ಭೂತಗನ್ನಡಿ ಹಿಡಿದರೆ ಬಿಡಿ ಚುಕ್ಕೆಗಳು ಕಾಣುತ್ತವೆ. ಬೆಟಗೇರಿಯ ನೇಕಾರರಿಗೆ ಇದು ಹೊಸತಲ್ಲ: ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಾದರೆ ದೂರಕ್ಕೆ ಕಾಣುವುದು ಮೂರನೆಯದು.

ಪರದೆಯಲ್ಲಿ ಹೊಳೆಯುವ ಹಲವು ಹಸಿರು, ನೀಲಿಗಳು ಈ ಶಾಯಿಗಳ ಅಳವಿಗೆ ಸಿಗುವುದಿಲ್ಲ. ಆದಕಾರಣ ಮೊಬೈಲಿನಲ್ಲಿ ನೋಡಿ ‘ಹೂಂ’ ಎನ್ನದೆ, ಅಚ್ಚಾಗುವ ಕಾಗದದ ಮೇಲೆಯೇ ತೆಗೆದ ಪ್ರೂಫನ್ನು ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡುವುದು ಲೇಸು. ಸಾವಿರ ಪತ್ರಿಕೆ ಅಚ್ಚಾದ ಮೇಲಿನ ಜಗಳವೂ ನಷ್ಟವೂ ತಪ್ಪುತ್ತವೆ.