ಇರೋ ಕರೆಂಟು ಯಾರಿಗೆ? ಆಕಾಶದಲ್ಲೂ ಅದೇ ಗೋಳು!

ತ್ರೀ ಫೇಸ್ ಕರೆಂಟ್ ಬಂದಾಗ ಯಾವ ಹೊಲಕ್ಕೆ ಮೊದಲು ನೀರು ಬಿಡಬೇಕು? ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರೈತರ ಮಕ್ಕಳಿಗೆ ಈ ಲೆಕ್ಕ ಹೊಸದಲ್ಲ. ‘ಎಫ್‌ಟಿಎಲ್: ಫಾಸ್ಟರ್ ದ್ಯಾನ್ ಲೈಟ್’ ಗೇಮಿನ ಜೀವಾಳವೂ ಇದೇ ಲೆಕ್ಕ.

ಮ್ಯಾಥ್ಯೂ ಡೇವಿಸ್, ಜಸ್ಟಿನ್ ಮಾ ಎಂಬ ಇಬ್ಬರು ಕಿಕ್‌ಸ್ಟಾರ್ಟರ್‌ನಲ್ಲಿ 10,000 ಡಾಲರ್ ಕೇಳಿದ್ರು. ಜನ ಕೊಟ್ಟಿದ್ದು 2 ಲಕ್ಷ ಡಾಲರ್! 2012ರ ಸೆಪ್ಟೆಂಬರ್‌ನಲ್ಲಿ ಗೇಮ್ ಬಂತು.

ನಿಮ್ಮದೊಂದು ಪುಟ್ಟ ಆಕಾಶನೌಕೆ. ಹಿಂದೆ ಬಂಡುಕೋರರ ಪಡೆ ಅಟ್ಟಿಸಿಕೊಂಡು ಬರ್ತಿದೆ. 8 ವಲಯ ದಾಟಿ, ಕೊನೆಗೆ ಅವರ ದೊಡ್ಡ ಹಡಗನ್ನು ಹೊಡೆಯಬೇಕು. ಇಂಧನ ಕಮ್ಮಿ, ಕ್ಷಿಪಣಿ ಕಮ್ಮಿ, ವಿದ್ಯುತ್ತೂ ಕಮ್ಮಿ. ರಕ್ಷಾಕವಚಕ್ಕೆ ಕೊಟ್ಟರೆ ಬಂದೂಕಿಗಿಲ್ಲ. ಬಂದೂಕಿಗೆ ಕೊಟ್ಟರೆ ಎಂಜಿನ್ನಿಗಿಲ್ಲ. ಒಳಗೆ ಬೆಂಕಿ ಬಿತ್ತಾ? ಬಾಗಿಲು ತೆರೆದು ಗಾಳಿ ಹೊರಗೆ ಬಿಡಿ, ಬೆಂಕಿ ಆರುತ್ತೆ. ಆದರೆ ಆ ಕೋಣೆಯಲ್ಲಿ ನಿಮ್ಮವರು ಇದ್ದರೆ ಅವರ ಉಸಿರೂ ನಿಲ್ಲುತ್ತೆ! ಪುಣ್ಯಕ್ಕೆ, ಸ್ಪೇಸ್ ಬಾರ್ ಒತ್ತಿದರೆ ಯುದ್ಧ ನಿಂತು ಯೋಚಿಸೋಕೆ ಟೈಮ್ ಸಿಗುತ್ತೆ.

1980ರ ‘ರೋಗ್’ ಎಂಬ ಗೇಮಿನ ಹಾದಿಯಲ್ಲಿ ಬಂದದ್ದಕ್ಕೆ ಇಂಥವನ್ನು ‘ರೋಗ್‌ಲೈಕ್’ ಅಂತಾರೆ. ಪ್ರತಿ ಸಲ ದಾರಿ ಬೇರೆ. ನೌಕೆ ಒಡೆದರೆ ಮುಗೀತು, ಮತ್ತೆ ಮೊದಲಿಂದ.

2014ರ ಏಪ್ರಿಲ್‌ನಲ್ಲಿ ಬಂದ ‘ಅಡ್ವಾನ್ಸ್ಡ್ ಎಡಿಷನ್’ ಹಳಬರಿಗೆ ಉಚಿತವಾಗಿಯೇ ಸಿಕ್ಕಿತು. ಅದೇ ದಿನ ಐಪ್ಯಾಡ್‌ಗೂ ಬಂತು. ಶತ್ರುವಿನ ಯಂತ್ರಕ್ಕೆ ಕನ್ನ ಹಾಕುವ ಹ್ಯಾಕಿಂಗ್, ಅವರ ಸಿಬ್ಬಂದಿಯ ಮನಸ್ಸನ್ನೇ ತಿರುಗಿಸುವ ವಿದ್ಯೆ, ಹೋದ ಕೋಣೆಯ ಆಮ್ಲಜನಕ ಹೀರುವ ‘ಲೇನಿಯಸ್’ ಜನಾಂಗ ಇದರಲ್ಲಿ ಹೊಸತು. ನನಗೆ ಇಷ್ಟವಾಗಿದ್ದು ಕ್ಲೋನ್ ಬೇ: ಸತ್ತವರು ಎದ್ದು ಬರ್ತಾರೆ, ಆದರೆ ಕಲಿತ ಕೈಚಳಕ ಸ್ವಲ್ಪ ಕಳಕೊಂಡು. ಅದನ್ನು ಹಾಕಿಸಿಕೊಂಡರೆ ಗಾಯ ವಾಸಿ ಮಾಡುವ ಕೋಣೆ ಬಿಡಬೇಕು. ಅಂದರೆ ಕೊಟ್ಟಿದ್ದು ಸುಖವಲ್ಲ, ಇನ್ನೊಂದು ಕಷ್ಟದ ಆಯ್ಕೆ!

ಕೊರತೆ ಇಲ್ಲವೇ? ಇದೆ. ಒಳ್ಳೆ ಆಯುಧ ಸಿಗೋದು ಅದೃಷ್ಟದ ಮೇಲೆ. ಇಂಗ್ಲಿಷ್ ಓದೋದೂ ಜಾಸ್ತಿ. ಫೋನಿಗೆ ಈ ಗೇಮ್ ಇಲ್ಲ. ಇದೇ ತಂಡದ ‘ಇಂಟು ದ ಬ್ರೀಚ್’ ಮಾತ್ರ 2022ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಮೊಬೈಲ್‌ಗೆ ಬಂತು. ಆದರೆ ಎಫ್‌ಟಿಎಲ್‌ಗೆ ಹಳೇ ಲ್ಯಾಪ್‌ಟಾಪ್ ಸಾಕು, ಆಡುವಾಗ ನೆಟ್ ಬೇಕಿಲ್ಲ. ಊರಿಗೆ ಹೋದಾಗ ಇದಕ್ಕಿಂತ ಇನ್ನೇನು ಬೇಕು?

ಹೊಸಬರಿಗೆ ಒಂದು ಮಾತು: ಮೊದಲು ‘ಈಸಿ’ಯಲ್ಲಿ, ಅಡ್ವಾನ್ಸ್ಡ್ ಆಫ್ ಮಾಡಿ ಆಡಿ. ಸೋತರೆ ಬೇಜಾರಾಗಬೇಡಿ. ಒಂದು ವರ್ಷ ತೊಗರಿ ಕೈಕೊಟ್ಟಿತೆಂದು ನಮ್ಮೂರಲ್ಲಿ ಯಾರೂ ಬಿತ್ತೋದು ಬಿಟ್ಟಿಲ್ಲ!