ಮಾರಿಕಣಿವೆಯ ಎರಡು ಹನಿ, ಮಣಿಕಟ್ಟಿನ ಒಂದು ವಾಚು

ಹಿರಿಯೂರಿನಲ್ಲಿ ಸೂರ್ಯ ನೆತ್ತಿಗೆ ಬಂದು ಸುಮಾರು ಒಂದೂಮುಕ್ಕಾಲು ನಿಮಿಷ ಕಳೆದ ಮೇಲೆ ಹೊಳಲ್ಕೆರೆಯಲ್ಲಿ ನೆತ್ತಿಗೆ ಬರುತ್ತಾನೆ. ಎರಡು ಊರುಗಳ ನಡುವಿನ ಪೂರ್ವ-ಪಶ್ಚಿಮ ಅಂತರ 50 ಕಿಲೋಮೀಟರ್ ಕೂಡ ಇಲ್ಲ. ನಮ್ಮ ಅಕ್ಷಾಂಶದಲ್ಲಿ ಭೂಮಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಈ ದೂರ ದಾಟಲು ಅದಕ್ಕೂ ಅಷ್ಟು ಹೊತ್ತು ಬೇಕು. ಚಿತ್ರದುರ್ಗ ಮತ್ತು ಹೊಸದುರ್ಗ ಇವೆರಡರ ನಡುವೆ ಬರುತ್ತವೆ. ಸೂರ್ಯನನ್ನೇ ನಂಬಿದ್ದರೆ ಈ ನಾಲ್ಕು ಊರಿಗೆ ನಾಲ್ಕು ಮಧ್ಯಾಹ್ನ ಇರುತ್ತಿತ್ತು.

ಒಂದು ಕಾಲದಲ್ಲಿ ಹಾಗೇ ಇತ್ತು ಕೂಡ. ದೇಶಕ್ಕೆಲ್ಲ ಒಂದೇ ಸಮಯ ಎಂಬ ಏರ್ಪಾಟು ಜಾರಿಗೆ ಬಂದದ್ದು 1906ರ ಜನವರಿ 1ರಂದು. ಅಲ್ಲಿಯವರೆಗೆ ರೈಲುಗಳು ಮದ್ರಾಸಿನ ವೀಕ್ಷಣಾಲಯದ ಸಮಯ ನೋಡಿ ಓಡುತ್ತಿದ್ದವು, ಊರುಗಳು ತಮ್ಮ ತಮ್ಮ ಸೂರ್ಯನನ್ನು ನೋಡಿ ನಡೆಯುತ್ತಿದ್ದವು. ಇಂದು ನಾವು ಅನುಸರಿಸುವ ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಚಿತ್ರದುರ್ಗ ಇರುವುದು ಸುಮಾರು 76.4 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ವಾಚು ಹನ್ನೆರಡು ತೋರಿಸಿ ಸರಾಸರಿ 24 ನಿಮಿಷ ಆದಮೇಲೆ ಕೋಟೆಯ ಮೇಲೆ ನಿಜವಾದ ಮಧ್ಯಾಹ್ನ.

ಊರೂರು ತಿರುಗುವವನಿಗೆ ಕಾಲದ ಲೆಕ್ಕ ಬೇಕೇ ಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಬಂಡೆಯ ಸಾಕ್ಷಿ ಇದೆ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನದಲ್ಲಿ 256 ಎಂಬ ಅಂಕಿ ಇದೆ. ಅದು ಪ್ರಯಾಣದಲ್ಲಿ ಕಳೆದ ರಾತ್ರಿಗಳ ಎಣಿಕೆ ಎಂದು ಹಲವು ವಿದ್ವಾಂಸರು ಓದುತ್ತಾರೆ. ಹಾಗಿದ್ದರೆ ಪ್ರಯಾಣಿಕನೊಬ್ಬ ಕಾಲವನ್ನು ಎಣಿಸಿಟ್ಟ ನಮ್ಮ ನೆಲದ ಅತ್ಯಂತ ಹಳೆಯ ದಾಖಲೆಗಳಲ್ಲಿ ಅದೂ ಒಂದು.

ಆ ಎಣಿಕೆ ಈಗ ಎಲ್ಲಿಗೆ ಬಂದು ಮುಟ್ಟಿದೆ ಎಂದು ಅಂಕಿಗಳಲ್ಲೇ ನೋಡಬೇಕು. ನಮ್ಮಲ್ಲಿ ಮನೆಮನೆಗೂ ಬಂದಿದ್ದ ಎಚ್‌ಎಂಟಿ ಜನತಾ, ಕೀಲಿ ಕೊಡುವ ವಾಚು, ಸೆಕೆಂಡಿಗೆ ಐದು ಸಲ ಟಿಕ್ಕೆನ್ನುತ್ತಿತ್ತು. ಸೆಲ್ಲು ಹಾಕುವ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ, ಅದಕ್ಕಾಗಿಯೇ ಅದನ್ನು ಆರಿಸಿಕೊಂಡದ್ದು. (ಏಳು ಸಲ ಅರ್ಧ ಮಾಡಿ ನಿಲ್ಲಿಸಿದರೆ ಸಿಗುವುದು 256. ಕೇವಲ ಕಾಕತಾಳೀಯ, ಆದರೂ ನನಗೆ ಇಷ್ಟ.) ಅಲ್ಲಿಂದ ಮುಂದಿನ ಮೆಟ್ಟಿಲು ಪರಮಾಣು. ರುಬಿಡಿಯಂ ಗಡಿಯಾರ ಸೆಕೆಂಡಿಗೆ 683 ಕೋಟಿಗೂ ಮೀರಿದ ಕಂಪನಗಳನ್ನು ಎಣಿಸುತ್ತದೆ. ಸೀಸಿಯಂ ಎಣಿಸುವುದು 919,26,31,770. ಸೆಕೆಂಡು ಎಂದರೆ ಎಷ್ಟು ಎಂದು ಜಗತ್ತು ನಿಗದಿ ಮಾಡಿರುವುದೇ ಈ ಸೀಸಿಯಂ ಸಂಖ್ಯೆಯಿಂದ.

ಸಾಮಾನ್ಯ ಕ್ವಾರ್ಟ್ಜ್ ವಾಚು ತಿಂಗಳಿಗೆ 15 ಸೆಕೆಂಡಿನಷ್ಟು ಹಿಂದೆಮುಂದೆ ಆಗಬಹುದು. ಅಶೋಕನ ಕಾಲದಿಂದ ಒಂದೇ ಕಡೆಗೆ ಹೀಗೆ ತಪ್ಪುತ್ತ ಬಂದಿದ್ದರೆ ಇಷ್ಟರಲ್ಲಿ ನಾಲ್ಕೂವರೆ ದಿನಕ್ಕೂ ಹೆಚ್ಚು ತಪ್ಪಿರುತ್ತಿತ್ತು. ಉಪಗ್ರಹ ಕೇಳಿ ಸಮಯ ತಿದ್ದಿಕೊಳ್ಳುವ ವಾಚು ಮಾಡುವ ಸೀಕೋ ಕಂಪನಿ ಹೇಳಿಕೊಳ್ಳುವ ನಿಖರತೆ ಒಂದು ಲಕ್ಷ ವರ್ಷಕ್ಕೆ ಒಂದು ಸೆಕೆಂಡು. ಅಶೋಕನಿಂದ ಈವರೆಗಿನ ತಪ್ಪು ಒಂದು ಸೆಕೆಂಡಿನ ನಲವತ್ತನೆಯ ಒಂದು ಭಾಗವನ್ನೂ ದಾಟುವುದಿಲ್ಲ.

ಈ ವಾಚುಗಳು ತೀರ ಹೊಸವು. ಬೆಳಕಿನಿಂದ ನಡೆದು ಉಪಗ್ರಹದಿಂದ ಸಮಯ ತಿದ್ದಿಕೊಳ್ಳುವ ಮೊದಲ ಕೈಗಡಿಯಾರವನ್ನು ಜಪಾನಿನ ಸಿಟಿಜನ್ 2011ರಲ್ಲಿ ತಂದಿತು. 2012ರಲ್ಲಿ ಬಂದ ಸೀಕೋ ಆಸ್ಟ್ರಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂದು ಕಂಡುಕೊಂಡು ಆ ಜಾಗದ ಸಮಯವನ್ನು ತೋರಿಸಿತು. ಅದಕ್ಕೂ ಮೊದಲು ರೇಡಿಯೋ ತರಂಗ ಕೇಳಿ ಸಮಯ ತಿದ್ದಿಕೊಳ್ಳುವ ವಾಚುಗಳಿದ್ದವು, ಈಗಲೂ ಇವೆ. ಆದರೆ ಅವು ಕಿವಿಗೊಡುವ ಗೋಪುರಗಳಿರುವುದು ಜಪಾನ್, ಚೀನಾ, ಜರ್ಮನಿ, ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಮಾತ್ರ. ಒಂದೊಂದರ ದನಿ ಕೇಳುವುದು ಸಾವಿರ, ಒಂದೂವರೆ ಸಾವಿರ, ಹೆಚ್ಚೆಂದರೆ ಎರಡು-ಮೂರು ಸಾವಿರ ಕಿಲೋಮೀಟರ್ ದೂರಕ್ಕೆ. ನಮಗೆ ಹತ್ತಿರದ್ದೆಂದರೆ ಚೀನಾದ್ದು, ಅದೇ ಚಿತ್ರದುರ್ಗದಿಂದ 4,000 ಕಿಲೋಮೀಟರಿಗೂ ಆಚೆ. ಆ ದೇಶಗಳ ಅಂಗಡಿಯಲ್ಲಿ ಹೆಮ್ಮೆಯಿಂದ ಕೊಂಡು ತಂದ ರೇಡಿಯೋ ವಾಚು ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬರೀ ಕ್ವಾರ್ಟ್ಜ್ ವಾಚು. ಉಪಗ್ರಹದ್ದು ಹಾಗಲ್ಲ. ಮೇಲೆ ಆಕಾಶ ಕಂಡರೆ ಸಾಕು. ನಮ್ಮ ಬಯಲುಸೀಮೆಯಲ್ಲಿ ಆಕಾಶಕ್ಕೆ ಬರವಿಲ್ಲ. ಬಿಸಿಲಿಗಂತೂ ಮೊದಲೇ ಇಲ್ಲ.

ಈಗ ದೂರದ ಮಾತು. ದೆಹಲಿಯಿಂದ ಹೊರಟು ಚಿತ್ರದುರ್ಗ, ಹಿರಿಯೂರು ಹಾದು ಚೆನ್ನೈ ಮುಟ್ಟುವ 48ನೇ ರಾಷ್ಟ್ರೀಯ ಹೆದ್ದಾರಿ ಸುಮಾರು 2,800 ಕಿಲೋಮೀಟರ್ ಉದ್ದ. ಅದನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ಅದರ ಮೇಲೆ ಅಂಥವೇ ಇನ್ನೂ ಆರನ್ನು ಜೋಡಿಸಿದರೂ ಜಿಪಿಎಸ್ ಉಪಗ್ರಹದ ಎತ್ತರ ಪೂರ್ತಿ ಸಿಗುವುದಿಲ್ಲ. ಆ ಎತ್ತರ 20,200 ಕಿಲೋಮೀಟರ್. ಅಲ್ಲಿ ಗಂಟೆಗೆ ಸುಮಾರು 14,000 ಕಿಲೋಮೀಟರ್ ವೇಗದಲ್ಲಿ, ದಿನಕ್ಕೆ ಎರಡು ಸುತ್ತಿನಂತೆ, 30ರ ಆಸುಪಾಸಿನ ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತು ತಿರುಗುತ್ತಿವೆ. ಅವು ಕಳಿಸುವ ಸುದ್ದಿ ಬೆಳಕಿನ ವೇಗದಲ್ಲಿ ಬಂದರೂ ಕೆಳಗೆ ಮುಟ್ಟಲು ಸೆಕೆಂಡಿನ ಹದಿನೈದನೆಯ ಒಂದು ಭಾಗ ಹಿಡಿಯುತ್ತದೆ.

ಬಂದು ಮುಟ್ಟುವಷ್ಟರಲ್ಲಿ ಅದರಲ್ಲಿ ಉಳಿದಿರುವ ಶಕ್ತಿ ಎಷ್ಟು? ಒಂದು ವಾಟನ್ನು ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲನ್ನು ಮತ್ತೆ ಕೋಟಿ ಪಾಲು ಮಾಡಿ. ಅದರಲ್ಲೊಂದನ್ನು ಮತ್ತೆ ನೂರು ಪಾಲು ಮಾಡಿ. ಆ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ನನಗೆ ಇದು ಮನಸ್ಸಿಗೆ ಇಳಿದದ್ದು ಮಾರಿಕಣಿವೆಯ ಲೆಕ್ಕ ಹಾಕಿದ ಮೇಲೆ. ಮಾರಿಕಣಿವೆ ಎಂದರೆ ಹಿರಿಯೂರಿನ ವಾಣಿವಿಲಾಸ ಸಾಗರ, ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ತುಂಬಿದ ಮೇಲೆ ಮತ್ತೆ ತುಂಬಲು 2022ರವರೆಗೆ, 89 ವರ್ಷ ಕಾಯಿಸಿದ ಅಣೆಕಟ್ಟು ಅದು. ತುಂಬಿದಾಗ ಅದರಲ್ಲಿ ನಿಲ್ಲುವುದು ಸುಮಾರು 30 ಟಿಎಂಸಿ ನೀರು, ಅಂದರೆ 86,000 ಕೋಟಿ ಲೀಟರಿನಷ್ಟು. ಲೀಟರಿಗೆ ಇಪ್ಪತ್ತು ಸಾವಿರ ಹನಿ ಎಂದಿಟ್ಟುಕೊಳ್ಳಿ. ಕೋಡಿ ಬೀಳುವಂತೆ ತುಂಬಿದ ಆ ಸಾಗರವನ್ನು ಒಂದು ವಾಟ್ ಎಂದರೆ, ಉಪಗ್ರಹದಿಂದ ವಾಚಿಗೆ ಬರುವ ಶಕ್ತಿ ಅದರಲ್ಲಿ ಎರಡು ಹನಿ! ಇಡೀ ಮಾರಿಕಣಿವೆಯಲ್ಲಿ ಆ ಎರಡು ಹನಿಯನ್ನು ಹುಡುಕಿ ತೆಗೆದು, ಅದರಲ್ಲಿ ಬರೆದಿರುವುದನ್ನು ಓದುವ ಕೆಲಸವನ್ನು ಮಣಿಕಟ್ಟಿನ ಮೇಲಿನ ಒಂದು ಪುಟ್ಟ ಆಂಟೆನಾ ಮಾಡುತ್ತದೆ. ಸಮಯ ಮಾತ್ರ ಸಾಕಾದರೆ ಕೆಲವೇ ಸೆಕೆಂಡುಗಳಲ್ಲಿ, ಇರುವ ಜಾಗವೂ ಬೇಕಾದರೆ ಸಾಮಾನ್ಯವಾಗಿ ಒಂದೆರಡು ನಿಮಿಷದೊಳಗೆ.

ಇಷ್ಟು ಸಾಲದೆಂಬಂತೆ ಐನ್‌ಸ್ಟೈನ್ ಕೂಡ ಈ ಲೆಕ್ಕದೊಳಗೆ ಬರುತ್ತಾನೆ. ಉಪಗ್ರಹ ಅಷ್ಟು ವೇಗವಾಗಿ ಓಡುವುದರಿಂದ ಅದರ ಗಡಿಯಾರ ದಿನಕ್ಕೆ 7 ಮೈಕ್ರೋಸೆಕೆಂಡು ನಿಧಾನ. ಭೂಮಿಯ ಸೆಳೆತ ಅಲ್ಲಿ ಕಡಿಮೆ ಇರುವುದರಿಂದ 45 ಮೈಕ್ರೋಸೆಕೆಂಡು ಚುರುಕು. ಕೂಡಿ ಕಳೆದರೆ ದಿನಕ್ಕೆ 38 ಮೈಕ್ರೋಸೆಕೆಂಡಿನ ಮುನ್ನಡೆ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ಓಡಿರುತ್ತದೆ. ಈ ತಪ್ಪನ್ನು ಮೊದಲೇ ತಿದ್ದಿಡದೆ ಹೋಗಿದ್ದರೆ ನಾಲ್ಕೇ ದಿನದಲ್ಲಿ ಚಿತ್ರದುರ್ಗದ ಕೋಟೆಬಾಗಿಲಲ್ಲಿ ನಿಂತವನನ್ನು ಹಿರಿಯೂರಿನಷ್ಟು ದೂರದಲ್ಲಿದ್ದಾನೆ ಎಂದು ತೋರಿಸುವಷ್ಟು ಎಡವಟ್ಟಾಗುತ್ತಿತ್ತು.

ಇನ್ನು ಹೊಟ್ಟೆಪಾಡು. ಮುಳ್ಳು ಓಡಿಸಲು ಇಂಥ ವಾಚಿಗೆ ಬೇಕಾದದ್ದು ಒಂದೆರಡು ಮೈಕ್ರೋವಾಟ್. ನಮ್ಮ ಜಿಲ್ಲೆಯ ಗಡಿಯಾಚೆ ಪಾವಗಡದಲ್ಲಿ 13,000 ಎಕರೆಯಲ್ಲಿ ಹರಡಿರುವ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಅದರಲ್ಲಿ ಹತ್ತು ಕೋಟಿ ಕೋಟಿ ವಾಚುಗಳ ಮುಳ್ಳು ತಿರುಗುತ್ತವೆ. ಆದರೆ ಉಪಗ್ರಹಕ್ಕೆ ಕಿವಿಗೊಡುವಾಗ ಮಾತ್ರ ವಾಚಿಗೆ ಮುಳ್ಳಿನ ಕೆಲಸದ ಸಾವಿರಾರು ಪಟ್ಟು ವಿದ್ಯುತ್ತು ಬೇಕು. ಅದನ್ನು ಡಯಲ್ಲಿನ ಕೆಳಗಿನ ಸಣ್ಣ ಸೌರಪಟ್ಟಿ ಒಂದೇ ದುಡಿದು ಕೂಡಿಡಬೇಕು. ಅದಕ್ಕೆ ಎಂಜಿನಿಯರುಗಳು ಹೂಡಿದ ಉಪಾಯ ನನಗೆ ಎಲ್ಲಕ್ಕಿಂತ ಚೆಂದ ಅನ್ನಿಸುತ್ತದೆ: ವಾಚು ದಿನವಿಡೀ ಕೇಳುತ್ತ ಕೂರುವುದಿಲ್ಲ. ಡಯಲ್ಲಿನ ಮೇಲೆ ಜೋರು ಬೆಳಕು ಬಿದ್ದಾಗ, ‘ಈಗ ಯಜಮಾನ ಬಯಲಿಗೆ ಬಂದಿದ್ದಾನೆ, ಮೇಲೆ ಆಕಾಶ ಇದೆ’ ಎಂದು ತಿಳಿದು, ಆಗ ಒಮ್ಮೆ ಕಿವಿ ತೆರೆಯುತ್ತದೆ. ಊಟ ಕೊಡುವ ಬಿಸಿಲೇ ಅದಕ್ಕೆ ಸುಳಿವನ್ನೂ ಕೊಡುತ್ತದೆ. ಹೊಟ್ಟೆ ತುಂಬಿದ ವಾಚು ಕತ್ತಲಲ್ಲಿಟ್ಟರೂ ತಿಂಗಳುಗಟ್ಟಲೆ ನಡೆಯುತ್ತದೆ.

ಪ್ರಯಾಣಿಕರು ಇದಕ್ಕೆ ಮನಸೋಲುವುದು ಯಾಕೆಂದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಹೋಗುತ್ತಿದ್ದ ವಿಮಾನ ನೆನೆದರೆ ಗೊತ್ತಾಗುತ್ತದೆ. 2021ರ ಜನವರಿಯಲ್ಲಿ ಶುರುವಾದ, ಎಲ್ಲೂ ಇಳಿಯದೆ ಸುಮಾರು 14,000 ಕಿಲೋಮೀಟರ್ ಹಾರುತ್ತಿದ್ದ ದಾರಿ ಅದು. ಚಳಿಗಾಲದಲ್ಲಿ ಎರಡು ಊರಿನ ನಡುವಿನ ವ್ಯತ್ಯಾಸ ಹದಿಮೂರೂವರೆ ಗಂಟೆ. ಮಗಳ ಬಾಣಂತನಕ್ಕೆಂದು ಹೊಳಲ್ಕೆರೆಯಿಂದ ಹೊರಟ ತಾಯಿಯೊಬ್ಬಳು 16 ಗಂಟೆ ವಿಮಾನದಲ್ಲಿ ಕೂತು ಇಳಿದರೆ, ಅಲ್ಲಿನ ಗಡಿಯಾರ ಅವಳು ಹೊರಟ ಹೊತ್ತಿಗಿಂತ ಎರಡೂವರೆ ಗಂಟೆ ಮಾತ್ರ ಮುಂದಿರುತ್ತಿತ್ತು. ಫೋನಿನ ಚಾರ್ಜು ಮುಗಿದಿರಬಹುದು, ಸಿಮ್ಮಿಗೆ ಅಲ್ಲಿನ ಟವರು ಸಿಗದಿರಬಹುದು. ಹೊರಗೆ ಬಂದು ಒಂದು ಗುಂಡಿ ಒತ್ತಿದರೆ ವಾಚು ಮಾತ್ರ ತನ್ನ ಮುಳ್ಳುಗಳನ್ನು ತಾನೇ ಸರ್ರನೆ ತಿರುಗಿಸಿಕೊಳ್ಳುತ್ತದೆ.

ಇದಕ್ಕಾಗಿ ಭೂಮಿಯ ಮೇಲ್ಮೈಯನ್ನು ಹತ್ತು ಲಕ್ಷ ಚೌಕಗಳಾಗಿ ಹಂಚಿ, ಪ್ರತಿ ಚೌಕದ ಕಾಲವಲಯವನ್ನು ಆಸ್ಟ್ರಾನಿನ ನೆನಪಿನಲ್ಲಿ ಇಟ್ಟಿದ್ದೇವೆ ಎಂದು ಸೀಕೋ ಹೇಳಿದೆ. ಭೂಮಿಯ ಮೇಲ್ಮೈ 51 ಕೋಟಿ ಚದರ ಕಿಲೋಮೀಟರ್. ಒಂದು ಚೌಕಕ್ಕೆ ಸರಾಸರಿ 510. ಸುಮಾರು 8,400 ಚದರ ಕಿಲೋಮೀಟರಿನ ನಮ್ಮ ಚಿತ್ರದುರ್ಗ ಜಿಲ್ಲೆಗೆ ಆ ವಾಚಿನೊಳಗೆ ಹದಿನಾರು ಚೌಕ ಬರುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು ಸೇರಿ ನಮ್ಮ ಎಲ್ಲ ತಾಲ್ಲೂಕುಗಳೂ ಜಪಾನಿನಲ್ಲಿ ಮಾಡಿದ ಆ ಚಿಪ್ಪಿನಲ್ಲಿ ಇವೆ.

ಕೊರತೆಗಳೂ ಇವೆ. ಅಮೆರಿಕದ ಬೇಸಿಗೆ ಸಮಯದ ಒಂದು ಗಂಟೆಯನ್ನು ಅನೇಕ ಮಾದರಿಗಳಲ್ಲಿ ಕೈಯಾರೆ ಹೊಂದಿಸಬೇಕು. ದಪ್ಪ ತಾರಸಿಯ ಕೆಳಗೆ ಉಪಗ್ರಹ ಸಿಗುವುದಿಲ್ಲ. ಬೆಲೆಯೂ ಜನತಾ ವಾಚಿನ ಕಾಲದವರು ನಂಬುವಂಥದ್ದಲ್ಲ.

ಈ ಎಲ್ಲ ಲೆಕ್ಕದಲ್ಲಿ ನಾನು ಹೇಳಿದ ಉಪಗ್ರಹಗಳು ಅಮೆರಿಕದವು. ನಮ್ಮದೇ ಉಪಗ್ರಹಗಳ ವ್ಯವಸ್ಥೆ ನಾವಿಕ್ ಕೂಡ ಇದೆ. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರಲ್ಲಿ ವಿದೇಶದಿಂದ ತರಿಸಿ ಕೂರಿಸಿದ್ದ ಮೂರು ಪರಮಾಣು ಗಡಿಯಾರಗಳೂ ಕೆಲವೇ ವರ್ಷದಲ್ಲಿ ಕೆಟ್ಟವು. ಆಮೇಲೆ ಇಸ್ರೋ ಸ್ವದೇಶಿ ರುಬಿಡಿಯಂ ಗಡಿಯಾರ ಮಾಡಿ, 2023ರ ಮೇ 29ರಂದು ಎನ್‌ವಿಎಸ್-01ರಲ್ಲಿ ಮೇಲೆ ಕಳಿಸಿತು. ಕೈಗೆ ಕಟ್ಟುವಂಥ ಸಣ್ಣ ಸಾಧನಗಳಿಗೂ ಒಗ್ಗುವ ಎಲ್1 ತರಂಗವನ್ನು ನಾವಿಕ್‌ಗೆ ಸೇರಿಸಿದ್ದೂ ಆ ಉಪಗ್ರಹವೇ. ಅದಕ್ಕೆ ಎರಡು ತಿಂಗಳ ಹಿಂದೆ, ಏಪ್ರಿಲ್ 2ರಂದು, ಚಳ್ಳಕೆರೆಯ ವೈಮಾನಿಕ ಪರೀಕ್ಷಾ ಕೇಂದ್ರದ ಮೇಲೆ ಚಿನೂಕ್ ಹೆಲಿಕಾಪ್ಟರೊಂದು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ರೆಕ್ಕೆಯ ಬಾಹ್ಯಾಕಾಶ ವಾಹನವನ್ನು ಕೈಬಿಟ್ಟಿತ್ತು. ಚಾಲಕನಿಲ್ಲದ ಆ ವಾಹನ ತಾನಾಗಿ ರನ್‌ವೇಗೆ ಬಂದು ಇಳಿಯಿತು. ಅದಕ್ಕೆ ದಾರಿ ತೋರಿದ ಸಾಧನಗಳಲ್ಲಿ ನಾವಿಕ್ ರಿಸೀವರ್ ಕೂಡ ಇತ್ತು.

ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ವಾಚು ಮಾಡಲು ಶುರುಮಾಡಿದ್ದು, ಮೊದಲ ಉಪಗ್ರಹ ವಾಚು ತಂದ ಇದೇ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಹಿರಿಯೂರಿನಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ತುಮಕೂರಿನಲ್ಲಿ ಅದರ ಇನ್ನೊಂದು ಕಾರ್ಖಾನೆ ಇತ್ತು. ಅದು 2016ರಲ್ಲಿ ಮುಚ್ಚಿದ ಮೇಲೆ ನೂರು ಎಕರೆಗೂ ಹೆಚ್ಚಿನ ಆ ಜಾಗ ಬಂದದ್ದು ಇಸ್ರೋ ಕೈಗೆ. ವಾಚು ಮಾಡುತ್ತಿದ್ದ ನೆಲ ಪರಮಾಣು ಗಡಿಯಾರ ಮಾಡಬಲ್ಲವರ ಪಾಲಾಗಿದೆ. ಮುಳ್ಳು ನಮ್ಮದು, ಬಿಸಿಲು ನಮ್ಮದು, ಮೇಲಿನ ತರಂಗವೂ ನಮ್ಮದಾದ ಒಂದು ವಾಚು ಆ ದಾರಿಯಲ್ಲೇ ಎಲ್ಲಾದರೂ ತಯಾರಾಗಬೇಕು. ಅದು ಅಂಗಡಿಗೆ ಬಂದ ದಿನ ಕೊಳ್ಳುವವರ ಸಾಲಿನಲ್ಲಿ ನಾನಿರುತ್ತೇನೆ.