ನಿಮಗಿದು ಗೊತ್ತೆ?: ಪೆಗ್ಮಟೈಟ್ ಗುಂಡಿಗಳು
ಪೆಗ್ಮಟೈಟ್ ಎಂದರೆ ಹರಳುಗಳು ಅಸಾಧಾರಣ ದಪ್ಪಕ್ಕೆ ಬೆಳೆದ ಅಗ್ನಿಶಿಲೆ. ಶಿಲಾಪಾಕ ಬಹುತೇಕ ಗಟ್ಟಿಯಾದ ಮೇಲೆ ಉಳಿಯುವ, ನೀರಿನಂಶ ಹೆಚ್ಚಿರುವ ದ್ರವ ಬಿರುಕುಗಳಿಗೆ ನುಗ್ಗಿ ಹೆಪ್ಪುಗಟ್ಟಿದಾಗ ಇದು ಮೂಡುತ್ತದೆ. ಬೇರೆ ಖನಿಜಗಳಲ್ಲಿ ಸುಲಭವಾಗಿ ಸೇರದ ಲಿಥಿಯಂ, ಬೆರಿಲಿಯಂ, ಟ್ಯಾಂಟಲಂ ಇದರಲ್ಲಿ ತಂಗುತ್ತವೆ. ಶಿಲೆಯ ಎಳೆ ಕಿರಿದು, ಹರಳುಗಳೂ ಅಲ್ಲಲ್ಲಿ ಗುಂಪಾಗಿ ಸಿಗುತ್ತವೆ. ಹಾಗಾಗಿ ಇದಕ್ಕಾಗಿ ತೋಡಿದ ತೆರೆದ ಗಣಿಗಳಲ್ಲಿ ಹಲವು ಸಣ್ಣ ಗುಂಡಿಗಳೇ. ಈ ಗುಂಡಿಗಳಲ್ಲಿ ಸಿಗುವ, ಕಾಗೆಬಂಗಾರ ಎನ್ನುವ ಅಭ್ರಕದ ಗಟ್ಟಿಗಳನ್ನು ಕೈಯಿಂದಲೇ ಆರಿಸಿ, ಚಾಕುವಿನಿಂದ ಹಾಳೆ ಹಾಳೆಯಾಗಿ ಸೀಳುತ್ತಿದ್ದರು. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್‌ನಲ್ಲಿ 1,600 ಟನ್ ಲಿಥಿಯಂ ಇದೆಯೆಂಬ ಪ್ರಾಥಮಿಕ ಅಂದಾಜು 2021ರಲ್ಲಿ ಪ್ರಕಟವಾಯಿತು. ಬೀದರ್ ಜಿಲ್ಲೆಯ ಎಕಂಬಾ ಸುತ್ತ ಇಂಥ ಗುಂಡಿ ಹುಡುಕುವುದು ವ್ಯರ್ಥ: ಅಲ್ಲಿನ ನೆಲದಡಿ ಹರಡಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ದಖನ್ ಲಾವಾದ ಕಪ್ಪುಶಿಲೆ.